ಅಳತೆ ತಪ್ಪಿದ್ದು ಎಲ್ಲಿ?

ದಸರೆಗೆ ಇನ್ನು ಎಂಟು ದಿನಗಳಿದ್ದವು. ಹೈದರಾಬಾದು–ಬೆಂಗಳೂರು ಹೆದ್ದಾರಿಗೆ ಸಮೀಪದ ಉಂಡವಳ್ಳಿಯಿಂದ ಒಬ್ಬ ತಾಯಿ ಮತ್ತು ಆಕೆಯ ಮಗಳು ಬೆಳಗಿನ ಬಸ್ಸು ಹಿಡಿದು, ತುಂಗಭದ್ರೆಯನ್ನು ದಾಟಿ ಕರ್ನೂಲಿಗೆ ಹೊರಟರು. ಮಗಳು ಮಕ್ತಲ್ ಕಡೆಯ ಅಜ್ಜಿಯ ಮನೆಯಲ್ಲಿದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವವಳು, ರಜೆಗೆಂದು ಬಂದಿದ್ದಳು. ತಾಯಿಗೆ ನಲವತ್ತರ ಆಸುಪಾಸು. ಮಹಿಳಾ ಸಂಘದ ಲೆಕ್ಕ ಬರೆಯುವ ಹೊಣೆಯನ್ನು ಹೊಸದಾಗಿ ಒಪ್ಪಿಕೊಂಡು, ಊರಿಂದೂರಿಗೆ ಓಡಾಡಲು ಸ್ಕೂಟರು ಕಲಿತಿದ್ದರು. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕೀತೆಂಬ ಭಯದಿಂದ, ಎರಡು ಕುರ್ತಿ ಮತ್ತು ಎರಡು ಪ್ಯಾಂಟು ಕೊಳ್ಳಬೇಕೆಂಬುದು ಅವರ ಲೆಕ್ಕಾಚಾರ.

ಮೊದಲ ಅಂಗಡಿಯಲ್ಲಿ ಕೆಲಸದ ಹುಡುಗ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಕೇಳುವ ಮೊದಲೇ ಉತ್ತರ ಕೊಟ್ಟ: "ಮೀ ಸೈಜು ಲೇದಮ್ಮಾ." ಎರಡನೆಯ ಅಂಗಡಿಯಲ್ಲಿ ಇದ್ದದ್ದು ಮೂರೇ ಕುರ್ತಿಗಳು, ಮೂರೂ ಮಾಸಲು ಬಣ್ಣದವು, ಚೀಲದಂತೆ ನೆಟ್ಟಗೆ ಇಳಿಬಿದ್ದವು. ಮೂರನೆಯ ಅಂಗಡಿಯಲ್ಲಿ ಬಣ್ಣವೂ ಹಿಡಿಸಿತು, ಚೀಟಿಯಲ್ಲಿ ಡಬಲ್ ಎಕ್ಸ್‌ಎಲ್ ಎಂದೂ ಇತ್ತು. ಆದರೆ ಟ್ರಯಲ್ ರೂಮಿನಲ್ಲಿ ತೋಳು ಮೊಣಕೈಯಿಂದ ಮೇಲಕ್ಕೆ ಏರಲಿಲ್ಲ. ತೊಟ್ಟದ್ದನ್ನು ಬಿಚ್ಚಲು ಮಗಳನ್ನೇ ಒಳಗೆ ಕರೆಯಬೇಕಾಯಿತು. ನಾಲ್ಕನೆಯ ಅಂಗಡಿಗೆ ಅವರು ಹೋಗಲಿಲ್ಲ. ಮಗಳಿಗೊಂದು ಚೂಡಿದಾರವನ್ನು ಕೊಂಡು, ತಮಗೆ ಏನನ್ನೂ ಕೊಳ್ಳದೆ ಸಂಜೆಯ ಬಸ್ಸಿಗೆ ಮರಳಿದರು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಗಳು ಜೋಳದ ರೊಟ್ಟಿಯನ್ನು ಅರ್ಧಕ್ಕೆ ಮುರಿದು, ಉಳಿದರ್ಧವನ್ನು ಬುಟ್ಟಿಗೆ ಮರಳಿ ಇಟ್ಟಳು. "ಯಾಕವ್ವಾ?" ಎಂದು ತಾಯಿ ಕೇಳಿದರೆ ಅವಳ ಉತ್ತರ ಪ್ರಶ್ನೆಯ ರೂಪದಲ್ಲಿತ್ತು: "ಅವ್ವಾ, ನಾನೂ ನಿನ್ನಂಗ ಆಗ್ತೀನೇನು?"

ಬಟ್ಟೆಯಂಗಡಿಯಲ್ಲಿ ಆಗುವ ನಷ್ಟ ಬಸ್ಸಿನ ಹಣ ಮತ್ತು ಒಂದು ದಿನದ ಕೂಲಿ ಮಾತ್ರವಲ್ಲವೆಂಬುದಕ್ಕೆ ಈ ಅರ್ಧ ರೊಟ್ಟಿಯೇ ಸಾಕ್ಷಿ. ತಾಯಿ ತನ್ನ ಮೈಯ ಬಗ್ಗೆ ನಾಚಿಕೊಳ್ಳುವುದನ್ನು ಕಂಡ ಮಗಳು ತನ್ನ ಮೈಯ ಬಗ್ಗೆ ಹೆದರುವುದನ್ನು ಕಲಿಯುತ್ತಾಳೆ. ಆದ್ದರಿಂದ ಆ ದಿನ ಕರ್ನೂಲಿನಲ್ಲಿ ತಪ್ಪಿದ್ದು ನಿಜವಾಗಿ ಏನು ಎಂಬುದನ್ನು ಸಮಾಧಾನದಿಂದ ವಿಚಾರಿಸುವುದು ಅಗತ್ಯ.

ಸೈಜು ಕೇಳದ ಉಡುಗೆ

ಈ ಭಾಗದ ಹೆಣ್ಣುಮಕ್ಕಳಿಗೆ "ನಿಮ್ಮ ಸೈಜು ಇಲ್ಲ" ಎಂಬ ಮಾತು ಹೊಸದು. ಗದ್ವಾಲ, ನಾರಾಯಣಪೇಟೆಗಳೆರಡೂ ಸೀರೆಯಿಂದಲೇ ಹೆಸರಾದ ಊರುಗಳು. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಇವನ್ನು ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ವಿಧಾನಕ್ಕೆ ಕುಪ್ಪಡಂ ಎಂದು ಹೆಸರು. ನಾರಾಯಣಪೇಟೆಯ ಸೀರೆ ಚೌಕಳಿಯ ಒಡಲಿಗೂ ಗೋಪುರದ ಅಂಚಿಗೂ ಪ್ರಸಿದ್ಧ. ಎರಡಕ್ಕೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಗಡಿರೇಖೆ ಆಚೀಚೆ ಸರಿದರೂ ಮನೆಮನೆಯ ಪೆಟ್ಟಿಗೆಯಲ್ಲಿ ಇಳಕಲ್ಲಿನ ಸೀರೆ, ಗದ್ವಾಲದ ಸೀರೆ ಒಂದರ ಮೇಲೊಂದು ಮಲಗಿಯೇ ಇವೆ.

ಈ ಸೀರೆಗಳಲ್ಲಿ ಯಾವುದಕ್ಕೂ ಸೈಜಿಲ್ಲ. 6 ಗಜದ್ದಾದರೆ ಸುಮಾರು 5.5 ಮೀಟರು, ಕಚ್ಚೆ ಹಾಕುವ 9 ಗಜದ್ದಾದರೆ 8 ಮೀಟರಿಗೂ ಸ್ವಲ್ಪ ಹೆಚ್ಚು. ಹದಿನೆಂಟರ ಮದುಮಗಳು ಉಟ್ಟ ಸೀರೆಯನ್ನೇ ಮೂರು ಮಕ್ಕಳ ತಾಯಿಯಾದ ಮೇಲೂ ಆಕೆ ಉಡುತ್ತಾಳೆ. ಮೈ ತುಂಬಿಕೊಂಡರೆ ನೆರಿಗೆ ಎರಡು ಕಡಿಮೆಯಾಗುತ್ತವೆ, ಅಷ್ಟೇ. ಅಳತೆ ಬೇಕಾಗುವುದು ಕುಪ್ಪಸ ಒಂದಕ್ಕೆ; ಅದನ್ನು ಊರಿನ ದರ್ಜಿ ಮೈಗೆ ತಕ್ಕಂತೆ ಹೊಲಿದು ಕೊಡುತ್ತಿದ್ದ. ಬಿಗಿಯಾಯಿತೆಂದರೆ ಒಳಗೆ ಬಿಟ್ಟಿದ್ದ ಬಟ್ಟೆಯ ಹೊಲಿಗೆ ಬಿಚ್ಚಿ ಒಂದು ಬೆರಳು ಸಡಿಲಿಸಿದರೆ ಮುಗಿಯಿತು. ಅಂದರೆ, ಮೈಯನ್ನು ನೋಡಿ ಬಟ್ಟೆ ತಯಾರಾಗುತ್ತಿತ್ತು. ಸಿದ್ಧ ಉಡುಪು ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಬಟ್ಟೆ ಮೊದಲೇ ತಯಾರಾಗಿ, ಅದಕ್ಕೆ ಹೊಂದುವ ಮೈಯನ್ನು ಹುಡುಕತೊಡಗಿತು.

ಸಿದ್ಧ ಉಡುಪನ್ನು ದೂರಿ ಪ್ರಯೋಜನವಿಲ್ಲ. ಸ್ಕೂಟರಿಗೆ, ಬಸ್ಸಿನ ಓಡಾಟಕ್ಕೆ, ಆಸ್ಪತ್ರೆ ಮತ್ತು ಕಚೇರಿಯ ಕೆಲಸಕ್ಕೆ ಕುರ್ತಿ–ಪ್ಯಾಂಟು ಅನುಕೂಲವೆಂದು ಹೆಣ್ಣುಮಕ್ಕಳೇ ಕಂಡುಕೊಂಡಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಆ ಚೀಟಿಯ ಮೇಲಿನ ಅಕ್ಷರಗಳು ಯಾರ ಮೈಯ ಅಳತೆ?

ಅಕ್ಷರದೊಳಗೆ ಅಡಗಿರುವುದು

ಒಂದು ದೇಶದ ಹೆಂಗಸರಿಗೆಲ್ಲ ಒಂದೇ ಅಳತೆಯ ಪಟ್ಟಿಯನ್ನು ಮಾಡುವ ದೊಡ್ಡ ಪ್ರಯತ್ನ ಅಮೆರಿಕದಲ್ಲಿ ನಡೆಯಿತು. ಅಲ್ಲಿನ ಕೃಷಿ ಇಲಾಖೆಯ ಪರವಾಗಿ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಎಂಬವರು 1939–40ರಲ್ಲಿ ಸುಮಾರು 15,000 ಮಹಿಳೆಯರ ದೇಹದ 59 ಅಳತೆಗಳನ್ನು ತೆಗೆಸಿ, 1941ರಲ್ಲಿ ವರದಿಯನ್ನು ಪ್ರಕಟಿಸಿದರು. ಬಿಳಿಯರಲ್ಲದ ಮಹಿಳೆಯರ ಅಳತೆಗಳನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಆ ವರದಿಯನ್ನು ಬಳಸಿಕೊಂಡು 1958ರಲ್ಲಿ ಅಲ್ಲಿಯ ಸರ್ಕಾರ ಒಂದು ಮಾನಕವನ್ನು ಹೊರಡಿಸಿತು. ಅದು ವಾಸ್ತವಕ್ಕೆ ಹೊಂದದೆ 1983ರಲ್ಲಿ ರದ್ದಾಯಿತು. ಅಲ್ಲಿಂದೀಚೆಗೆ ಪ್ರತಿಯೊಂದು ಕಂಪನಿಯೂ ತನಗೆ ತೋಚಿದ ಅಳತೆಗೆ ತನಗೆ ತೋಚಿದ ಅಕ್ಷರವನ್ನು ಅಂಟಿಸುತ್ತಿದೆ.

ಭಾರತದಲ್ಲಿ ಈ ಅಕ್ಷರಗಳು ಬಂದವೇ ಹೊರತು, ಭಾರತೀಯರ ಮೈಯನ್ನು ಅಳೆಯುವ ಕೆಲಸ ತಡವಾಗಿ ಆರಂಭವಾಯಿತು. ಕೇಂದ್ರದ ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಸೇರಿ ಕೈಗೊಂಡ 'ಇಂಡಿಯಾಸೈಜ್' ಯೋಜನೆಯ ಗುರಿ, 15ರಿಂದ 65 ವರ್ಷದೊಳಗಿನ 25,000 ಸ್ತ್ರೀಪುರುಷರನ್ನು ಯಂತ್ರದ ಸಹಾಯದಿಂದ ಅಳೆದು ದೇಶಕ್ಕೆ ಒಪ್ಪುವ ಪಟ್ಟಿಯೊಂದನ್ನು ರೂಪಿಸುವುದು. ಅದಕ್ಕಾಗಿ ಆರಿಸಿಕೊಂಡ ಆರು ನಗರಗಳಲ್ಲಿ ಹೈದರಾಬಾದು ಮತ್ತು ಬೆಂಗಳೂರುಗಳೂ ಸೇರಿವೆ. ಸೈಜಿನ ವ್ಯವಸ್ಥೆಯೇ ಸರಿಯಿಲ್ಲವೆಂದು ಸರ್ಕಾರವೇ ಒಪ್ಪಿಕೊಂಡು ಕೆಲಸಕ್ಕಿಳಿದಿರುವಾಗ, ಒಬ್ಬ ತಾಯಿ ತನ್ನ ಮೈಯೇ ಸರಿಯಿಲ್ಲವೆಂದು ಕುಗ್ಗುವುದಕ್ಕೆ ಕಾರಣವಿಲ್ಲ.

ಕರ್ನೂಲಿನ ಮೂರನೆಯ ಅಂಗಡಿಯಲ್ಲಿ ಆದದ್ದನ್ನೇ ಉದಾಹರಣೆಯಾಗಿ ನೋಡಬಹುದು. ಆ ತಾಯಿಯ ಎದೆಯ ಸುತ್ತಳತೆ 44 ಇಂಚು, ಅಂದರೆ ಸುಮಾರು 112 ಸೆಂಟಿಮೀಟರು. ಕುರ್ತಿಯ ಚೀಟಿಯಲ್ಲಿ ಡಬಲ್ ಎಕ್ಸ್‌ಎಲ್ ಎಂದೂ 44 ಎಂದೂ ಇತ್ತು. ಹಾಗಿದ್ದರೂ ಅದು ಆಗಲಿಲ್ಲವೇಕೆ? ಕೆಲವು ಕಂಪನಿಗಳು ಚೀಟಿಯಲ್ಲಿ ಬರೆಯುವುದು ತೊಡುವವರ ಮೈಯ ಅಳತೆಯನ್ನು. ಕೆಲವು ಬರೆಯುವುದು ಬಟ್ಟೆಯ ಅಳತೆಯನ್ನು. ಎಳೆದರೆ ಹಿಗ್ಗದ ನೇಯ್ದ ಬಟ್ಟೆಯ ಕುರ್ತಿ ಉಸಿರಾಡಲು, ಕೈಯೆತ್ತಲು ಅನುವಾಗಿರಬೇಕಾದರೆ ಮೈಗಿಂತ 6ರಿಂದ 8 ಸೆಂಟಿಮೀಟರು ಹೆಚ್ಚು ಸುತ್ತಳತೆ ಹೊಂದಿರಬೇಕು. ಹೀಗಾಗಿ ಒಂದು ಕಂಪನಿಯ 44ರ ಕುರ್ತಿ 120 ಸೆಂಟಿಮೀಟರು ಸುತ್ತಿ ಆರಾಮವಾಗಿ ಕೂರುತ್ತದೆ. ಇನ್ನೊಂದು ಕಂಪನಿಯ 44ರ ಕುರ್ತಿ ಸರಿಯಾಗಿ 112 ಇದ್ದು ಅದೇ ಮೈಗೆ ಕಟ್ಟು ಬಿಗಿದಂತಾಗುತ್ತದೆ. ಅಕ್ಷರವೂ ಒಂದೇ, ಅಂಕಿಯೂ ಒಂದೇ, ಮೈಯೂ ಒಂದೇ. ವ್ಯತ್ಯಾಸವಿರುವುದು ಬರೆದವನ ಲೆಕ್ಕದಲ್ಲಿ.

ಅಂಗಡಿಯಲ್ಲಿ ಏಕೆ ಇಲ್ಲ?

ಅಂಗಡಿಯವನನ್ನೇ ಪೂರ್ತಿ ದೂರುವುದೂ ನ್ಯಾಯವಲ್ಲ. ಸಗಟು ವ್ಯಾಪಾರದಲ್ಲಿ ಕುರ್ತಿಗಳು ಸಾಮಾನ್ಯವಾಗಿ ಬಿಡಿಯಾಗಿ ಸಿಗುವುದಿಲ್ಲ. ಒಂದು ವಿನ್ಯಾಸಕ್ಕೆ ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ತಲಾ ಒಂದರಂತೆ 'ಸೆಟ್' ಆಗಿ ಬರುತ್ತವೆ. ಅದಕ್ಕಿಂತ ದೊಡ್ಡವು ಬೇರೆಯೇ ಸೆಟ್. ಅವುಗಳಿಗೆ ಬಟ್ಟೆ ಹೆಚ್ಚು ಬೇಕಾಗುವುದರಿಂದ ದರವೂ ಹೆಚ್ಚು. ಮಾರಾಟವಾಗದೆ ಉಳಿದೀತೆಂಬ ಅಂಜಿಕೆಯಿಂದ ಸಣ್ಣ ಊರಿನ ವ್ಯಾಪಾರಿ ಅದನ್ನು ತರಿಸುವುದಿಲ್ಲ. ತರಿಸದ ಕಾರಣ ಕೊಳ್ಳುವವರು ಬರುವುದಿಲ್ಲ. ಕೊಳ್ಳುವವರು ಬಾರದ ಕಾರಣ ಬೇಡಿಕೆಯಿಲ್ಲವೆಂದು ಅವನು ತೀರ್ಮಾನಿಸುತ್ತಾನೆ.

ಬೇಡಿಕೆ ಇಲ್ಲವೆಂಬ ಮಾತು ಮಾತ್ರ ನಿಜವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿಯ ತೂಕ ಎತ್ತರಕ್ಕೆ ಹೇಳಲಾದ ಮಿತಿಗಿಂತ ಹೆಚ್ಚು. ತೆಲಂಗಾಣದಲ್ಲಿ ಇದು ಸುಮಾರು ಶೇ. 30. ಹತ್ತರಲ್ಲಿ ಮೂವರನ್ನು ಗಿರಾಕಿಗಳಲ್ಲವೆಂದು ಬಾಗಿಲಿನಿಂದಲೇ ಕಳುಹಿಸುವ ವ್ಯಾಪಾರ ಯಾವ ಲಾಭದ್ದು? ತೂಕ ಆರೋಗ್ಯದ ವಿಷಯವಾಗಿದ್ದರೆ ಅದನ್ನು ಹೇಳಬೇಕಾದವರು ವೈದ್ಯರು. ಬಟ್ಟೆಯಂಗಡಿಯ ಕೆಲಸ ಇಂದಿನ ಮೈಗೆ ಇಂದು ಬಟ್ಟೆ ಕೊಡುವುದು.

ದೊಡ್ಡ ಸೈಜಿನ ಉಡುಪು ಅಂದಗಾಣದಿರಲು ಇನ್ನೊಂದು ಕಾರಣ ಕತ್ತರಿಯ ಹಂತದಲ್ಲಿದೆ. ಕಾರ್ಖಾನೆಯಲ್ಲಿ ಒಂದು ಮಧ್ಯಮ ಮೈಗೆ ಮಾದರಿಯನ್ನು ಕತ್ತರಿಸಿ, ಅದನ್ನೇ ಮೆಟ್ಟಿಲುಮೆಟ್ಟಿಲಾಗಿ ಹಿಗ್ಗಿಸುತ್ತಾರೆ. ಮನುಷ್ಯರ ಮೈ ಹಾಗೆ ಹಿಗ್ಗುವುದಿಲ್ಲ. ತೂಕ ಏರಿದಾಗ ಹೊಟ್ಟೆ, ಸೊಂಟ, ತೋಳು ತುಂಬಿಕೊಳ್ಳುತ್ತವೆ. ಭುಜದ ಎಲುಬು ಇದ್ದಷ್ಟೇ ಇರುತ್ತದೆ. ಲೆಕ್ಕದಂತೆ ಎಲ್ಲವನ್ನೂ ಹಿಗ್ಗಿಸಿದ ಕುರ್ತಿಯಲ್ಲಿ ಭುಜದ ಹೊಲಿಗೆ ತೋಳಿಗೆ ಜಾರುತ್ತದೆ, ಕೊರಳು ಅಗಲವಾಗಿ ಬಾಯಿ ತೆರೆಯುತ್ತದೆ. ತೋಳು ಮಾತ್ರ ಬಿಗಿಯಾಗಿಯೇ ಉಳಿಯುತ್ತದೆ. ಕನ್ನಡಿಯ ಮುಂದೆ ನಿಂತವಳಿಗೆ ತಾನೇ ಅಂದಗೆಟ್ಟವಳೆಂದು ತೋರುವುದು ಈ ಕತ್ತರಿಯ ದೋಷದಿಂದ.

ಕಾನೂನು ಏನು ಹೇಳುತ್ತದೆ?

ಹೆಚ್ಚಿನ ಗಿರಾಕಿಗಳು ಅರಿಯದ ಒಂದು ನಿಯಮವಿದೆ. ಪೊಟ್ಟಣದಲ್ಲಿ ಮುಚ್ಚದೆ ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳ ಬಗ್ಗೆ, ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕುಗಳ ನಿಯಮಗಳಿಗೆ 2022ರಲ್ಲಿ ತಿದ್ದುಪಡಿಯಾಯಿತು. ಅನೇಕ ವಿವರಗಳಿಂದ ವಿನಾಯಿತಿ ನೀಡಿದರೂ ಕೆಲವನ್ನು ಕಡ್ಡಾಯವಾಗಿ ಉಳಿಸಲಾಯಿತು: ತಯಾರಕರ ಅಥವಾ ಮಾರುವವರ ಹೆಸರು ವಿಳಾಸ, ದೂರಿಗೆ ಸಂಪರ್ಕ, ಗರಿಷ್ಠ ಮಾರಾಟ ಬೆಲೆ ಮತ್ತು ಸೈಜು. ಸೈಜನ್ನು ಎಸ್, ಎಂ, ಎಲ್ ಮುಂತಾದ ಅಕ್ಷರಗಳ ಜೊತೆಗೆ ಸೆಂಟಿಮೀಟರು ಅಥವಾ ಮೀಟರಿನಲ್ಲಿಯೂ ತಿಳಿಸಬೇಕೆಂಬುದು ಇಲ್ಲಿಯ ಮುಖ್ಯ ಅಂಶ. ಅಂದರೆ ಬರಿಯ ಅಕ್ಷರ ಸಾಲದು ಎಂದು ಕಾನೂನು ಆಗಲೇ ಹೇಳಿದೆ. ಚೀಟಿಯಲ್ಲಿ ಸೆಂಟಿಮೀಟರನ್ನು ಹುಡುಕುವುದು ಗಿರಾಕಿಯ ಹಟವಲ್ಲ, ಹಕ್ಕು.

"ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಫಲಕದ ವಿಷಯದಲ್ಲಿಯೂ ತಿಳಿವಳಿಕೆ ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ರಸೀದಿ ಕೊಡದಿರುವುದೂ ಅದೇ ವರ್ಗಕ್ಕೆ ಸೇರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗಿರಾಕಿ ತಾನಾಗಿಯೇ ತಪ್ಪು ಸೈಜನ್ನು ಆರಿಸಿದರೆ ಅದು ಸರಕಿನ ದೋಷವಾಗುವುದಿಲ್ಲ. ಬದಲಿಸಿಕೊಡುವುದು ಅಂಗಡಿಯ ಸೌಜನ್ಯ. ಬಟ್ಟೆಯ ಸುತ್ತಳತೆ 120 ಸೆಂಟಿಮೀಟರು ಎಂದು ಚೀಟಿಯಲ್ಲಿ ಬರೆದು ಒಳಗೆ 112 ಇದ್ದರೆ ಮಾತ್ರ ವಿಷಯ ಬೇರೆ. ಮಾರುವವನು ಹೇಳಿಕೊಂಡ ಗುಣಮಟ್ಟಕ್ಕೆ ಸರಕು ಹೊಂದದಿರುವುದನ್ನೂ ಕಾಯ್ದೆ ದೋಷವೆಂದೇ ಕರೆಯುತ್ತದೆ. ಮೊಬೈಲಿನಲ್ಲಿ ತರಿಸಿಕೊಂಡ ಉಡುಪು ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಗೆ ಹೊಂದದಿದ್ದರೆ ಮಾರಾಟಗಾರ ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲವೆಂದು 2020ರ ಇ–ವಾಣಿಜ್ಯ ನಿಯಮಗಳು ಹೇಳುತ್ತವೆ.

ಗಡಿಭಾಗದವರಿಗೆ ಇನ್ನೊಂದು ಸಂಗತಿ ಉಪಯುಕ್ತ. ವಾಸ ತೆಲಂಗಾಣದಲ್ಲಿ, ಖರೀದಿ ಆಂಧ್ರದ ಕರ್ನೂಲಿನಲ್ಲಿ ಅಥವಾ ಕರ್ನಾಟಕದ ರಾಯಚೂರಿನಲ್ಲಿ ಎಂಬುದು ಇಲ್ಲಿ ನಿತ್ಯದ ಮಾತು. 2019ರ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ಕೊಂಡ ಊರಿಗೆ ಅಲೆಯಬೇಕಾಗಿಲ್ಲ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿಗೆ ಎರಡು ವರ್ಷದ ಗಡುವಿದೆ. ಎಂಟುನೂರು ರೂಪಾಯಿಯ ಕುರ್ತಿಗೆ ಆಯೋಗದವರೆಗೆ ಹೋಗುವವರು ವಿರಳ. ಅದಕ್ಕೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ಕರೆ ಮಾಡಿದರೆ ಎಷ್ಟೋ ವ್ಯಾಜ್ಯಗಳು ಅಲ್ಲಿಯೇ ತೀರುತ್ತವೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಯಲ್ಲಿರಬೇಕಾದ ಟೇಪು

ಕಾನೂನಿಗಿಂತ ಮೊದಲು ಕೈಗೆ ಬರಬೇಕಾದದ್ದು ದರ್ಜಿಯ ಟೇಪು. ಅದರ ಬೆಲೆ ಕೆಲವೇ ರೂಪಾಯಿ. ಎದೆಯ ತುಂಬು ಭಾಗ, ಸೊಂಟ, ಕುಂಡಿಯ ತುಂಬು ಭಾಗ, ಮೇಲ್ತೋಳು, ಬೆನ್ನಿನ ಕಡೆಯಿಂದ ಭುಜದ ಎಲುಬಿನಿಂದ ಎಲುಬಿಗೆ: ಈ ಐದು ಅಳತೆಗಳನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಸಂಕಟ ತಪ್ಪುತ್ತದೆ. ಟೇಪು ಮೈಯನ್ನು ಒತ್ತಬಾರದು. ನಡುವೆ ಒಂದು ಬೆರಳು ಆಡುವಷ್ಟು ಜಾಗವಿರಬೇಕು.

ಅಂಗಡಿಯಲ್ಲಿ ಕುರ್ತಿಯನ್ನು ಮೇಜಿನ ಮೇಲೆ ಹಾಸಿ, ಬಗಲಿನಿಂದ ಬಗಲಿಗೆ ಅಳೆದು ಎರಡರಿಂದ ಗುಣಿಸಿದರೆ ಎದೆಯ ಸುತ್ತಳತೆ ಸಿಗುತ್ತದೆ. ತೋಳನ್ನೂ ಹಾಗೆಯೇ ಅಳೆಯಬೇಕು. ತೊಡುವ ಮೊದಲೇ ಆಗುವುದೋ ಇಲ್ಲವೋ ತಿಳಿಯುವುದರಿಂದ ಟ್ರಯಲ್ ರೂಮಿನ ಪೇಚಾಟ ತಪ್ಪುತ್ತದೆ. ಮುಂದಿನದು ಒಳಮಗ್ಗುಲ ಪರೀಕ್ಷೆ. ಪಕ್ಕದ ಹೊಲಿಗೆಯಲ್ಲಿ ಎರಡು ಸೆಂಟಿಮೀಟರಿನಷ್ಟು ಬಟ್ಟೆ ಬಿಟ್ಟಿದ್ದರೆ ದರ್ಜಿಯಿಂದ ಸಡಿಲಿಸಬಹುದು; ಅಂಚಿಗೇ ಹೊಲಿದಿದ್ದರೆ ಕೊಳ್ಳದಿರುವುದೇ ಲೇಸು. ಹತ್ತಿಯ ಬಟ್ಟೆ ಮೊದಲ ತೊಳೆತಕ್ಕೆ ಕುಗ್ಗುವ ಸಂಭವವಿರುವುದರಿಂದ ಸ್ವಲ್ಪ ಸಡಿಲವಾದದ್ದೇ ಸರಿ.

ಅಂದದ ವಿಷಯದಲ್ಲಿ "ದಪ್ಪಗಿದ್ದವರಿಗೆ ಕಪ್ಪು ಬಣ್ಣ" ಎಂಬ ಒಂದೇ ಉಪದೇಶ ಎಲ್ಲೆಡೆ ಕೇಳಿಬರುತ್ತದೆ. ಬಣ್ಣಕ್ಕಿಂತ ಮುಖ್ಯವಾದದ್ದು ಹೊಲಿಗೆ. ಭುಜದ ಹೊಲಿಗೆ ಭುಜದ ಮೇಲೆಯೇ ಕುಳಿತು, ಎದೆಯ ಬಳಿ ಟಕ್ಸ್ ಹಿಡಿದಿದ್ದು, ಪಕ್ಕದ ಸೀಳು ಸೊಂಟದ ತುಂಬು ಭಾಗಕ್ಕಿಂತ ತುಸು ಮೇಲಿನಿಂದ ಆರಂಭವಾದರೆ ಅರಿಸಿನ ಬಣ್ಣದ ಕುರ್ತಿಯೂ ಒಪ್ಪುತ್ತದೆ. ಇವು ಮೂರೂ ತಪ್ಪಿದ್ದರೆ ಕಪ್ಪು ಬಣ್ಣವೂ ಕಾಪಾಡದು. ದರ್ಜಿಯಿಂದಲೇ ಹೊಲಿಸುವುದಾದರೆ ನಾರಾಯಣಪೇಟೆಯ ಹತ್ತಿಯ ಸೀರೆಯೊಂದನ್ನೇ ಕುರ್ತಿಯಾಗಿಸಬಹುದು. ಅಂಚು ಕೆಳಗೆ ಬರುವಂತೆ ಕತ್ತರಿಸಿದರೆ ಅದಕ್ಕಿಂತ ಚೆಂದದ್ದು ಅಂಗಡಿಯಲ್ಲಿ ಸಿಗಲಾರದು. ಸೀರೆಯ ಜೊತೆಗೆ ಬರುವ 80 ಸೆಂಟಿಮೀಟರಿನ ಕುಪ್ಪಸದ ಬಟ್ಟೆ ತುಂಬಿದ ಮೈಗೆ, ಉದ್ದ ತೋಳಿಗೆ ಸಾಲದು. ಸೀರೆ ಕೊಳ್ಳುವಾಗಲೇ ಒಂದು ಮೀಟರು ಇದೆಯೇ ಎಂದು ನೋಡಿಕೊಳ್ಳಬೇಕು.

ಮಾತಿನ ಅಳತೆಯೂ ಒಂದಿದೆ. ಮನೆಯಲ್ಲಿ ಹಾಸ್ಯಕ್ಕೆಂದು ಆಡುವ "ಡುಮ್ಮಿ" ಎಂಬ ಮಾತು, ಅಂಗಡಿಯಲ್ಲಿ ಎಲ್ಲರೂ ಕೇಳುವಂತೆ ಕೂಗುವ "ದೊಡ್ಡ ಸೈಜು ತಗೀರಿ" ಎಂಬ ಮಾತು, ಬೆಳೆಯುವ ಹುಡುಗಿಯರ ಕಿವಿಗೆ ತೀರ್ಪಿನಂತೆ ಬೀಳುತ್ತವೆ. ಅಪ್ಪಂದಿರು, ಅಣ್ಣಂದಿರು, ಅಂಗಡಿಯವರು ಮೂವರೂ ಇದನ್ನು ನೆನಪಿಡಬೇಕು. "ಎಷ್ಟು ಸೆಂಟಿಮೀಟರಿನದು ಬೇಕಮ್ಮಾ?" ಎಂದು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಉಂಡವಳ್ಳಿಯ ಆ ಮನೆಯಲ್ಲಿ ಮರುದಿನ ಹೊಲಿಗೆಯ ಡಬ್ಬಿಯಿಂದ ಟೇಪು ಹೊರಬಂದಿತು. ಮಗಳು ತಾಯಿಯನ್ನು ಅಳೆದಳು, ತಾಯಿ ಮಗಳನ್ನು ಅಳೆದರು. ಗಣಿತದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲುಗಳಲ್ಲಿ ಹತ್ತು ಅಂಕಿಗಳು ಮೂಡಿದವು. ತಾಯಿಯ ಸಾಲಿನಲ್ಲಿ ಎದೆ 112, ಮೇಲ್ತೋಳು 38 ಎಂದಿತ್ತು. ಅದೇ ಹಾಳೆಯ ಹಿಂಬದಿಯಲ್ಲಿ ಕೊಳವೆಯ ಸುತ್ತಳತೆಯ ಲೆಕ್ಕವಿತ್ತು. ಅಂಕಿಗಳು ನೋಡಲು ಒಂದೇ ತರಹ ಇದ್ದವು, ಯಾವುದರಲ್ಲಿಯೂ ನಾಚಿಕೆಯೆಂಬುದು ಬರೆದಿರಲಿಲ್ಲ.

ಆ ವಾರ ಇಬ್ಬರೂ ಗದ್ವಾಲಕ್ಕೆ ಹೋದರು. ಮೊದಲ ಅಂಗಡಿಯಲ್ಲಿ "ನೂರಿಪ್ಪತ್ತು ಸೆಂಟಿಮೀಟರು ಸುತ್ತಳತೆಯ ಕುರ್ತಿ ತೋರಿಸಿ" ಎಂದು ಕೇಳಿದಾಗ ವ್ಯಾಪಾರಿ ಮೈಯನ್ನು ನೋಡುವುದನ್ನು ಬಿಟ್ಟು ಚೀಟಿಯನ್ನು ನೋಡತೊಡಗಿದ. ಸಿಕ್ಕಿದ್ದು ಒಂದೇ ಕುರ್ತಿ. ಅದರ ತೋಳನ್ನು ದರ್ಜಿಯಿಂದ ಬಿಡಿಸಿಕೊಳ್ಳಬೇಕಾಯಿತು. ಎರಡನೆಯದಕ್ಕೆ ಬಟ್ಟೆ ಕೊಂಡು ಹೊಲಿಯಲು ಕೊಟ್ಟರು. ದಸರೆಯ ಮರುದಿನ ತಾಯಿ ಅದನ್ನು ತೊಟ್ಟು ಸ್ಕೂಟರೇರಿ ಸಂಘದ ಸಭೆಗೆ ಹೊರಟಾಗ, ಮಗಳು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿನ್ನುತ್ತ, "ಅವ್ವಾ, ಭುಜ ಸರಿಯಾಗಿ ಕುಂತೈತಿ ನೋಡು" ಎಂದಳು.